ಮೈಲಾರಪ್ಪನವರ ಬರಹದ ಕೊನೆಯ ಪ್ಯಾರಾ

2017ರ ಫೆಬ್ರವರಿಯ ಎರಡನೇ ಬುಧವಾರ ಬೆಳಿಗ್ಗೆ, ಪಂಚನಹಳ್ಳಿಯ ಮೈಲಾರಪ್ಪನವರು ನಮ್ಮ ಜಾಲತಾಣಕ್ಕೆ ಕಳಿಸಿದ್ದ ಬರಹವೊಂದರ ಕೊನೆಯ ಪ್ಯಾರಾವನ್ನು ನಾನು ಅಳಿಸಿದೆ. ಹನ್ನೊಂದು ದಿನಗಳ ನಂತರ ದೇವನೂರು ಹೋಬಳಿಯ ಹಳ್ಳಿಯೊಂದರಲ್ಲಿ ಜಯಮ್ಮ ಎಂಬುವರ ಎರಡು ಹಸುಗಳು ಸತ್ತವು. ಆ ಪ್ಯಾರಾ ಇದ್ದಿದ್ದರೆ ಸಾಯುತ್ತಿರಲಿಲ್ಲ. ತಪ್ಪು ಮೈಲಾರಪ್ಪನವರದು ಎಂದು ಜನ ಹೇಳಿದರು. ಕೊನೆಗೆ ಮೈಲಾರಪ್ಪನವರೂ ಹಾಗೆಯೇ ನಂಬಿದರು. ನಂಬಿಸಿದವನು ನಾನು.

ಪತ್ರಿಕೆಯಲ್ಲಾಗಿದ್ದರೆ ಸುದ್ದಿ ಇಲ್ಲಿಗೆ ಮುಗಿಯುತ್ತಿತ್ತು. ಉಳಿದದ್ದು ಜಾಗ ಇದ್ದರೆ. ಆದರೆ ಈ ಬಾರಿ ಜಾಗದ ನೆಪ ಹೇಳುವ ಹಕ್ಕು ನನಗಿಲ್ಲ.

ಶಿವಮೊಗ್ಗದ ಒಂದು ಪತ್ರಿಕೆಯಲ್ಲಿ ವರದಿ ತಿದ್ದುವ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ಬಿಟ್ಟು, ತರೀಕೆರೆಗೆ ಬಂದು ಕೂತವನು ನಾನು. ಕೈ ಸುಮ್ಮನಿರಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರ — ಮೂರೂ ಕಡೆಯ ಜನ ಬರೆಯಬಹುದಾದ ಒಂದು ಚರ್ಚಾ ತಾಣವನ್ನು ಶುರು ಮಾಡಿದೆ. 'ಮೂರೂರ ಕಟ್ಟೆ' ಎಂದು ಹೆಸರು. ಬಸ್ಸಿನ ಹೊತ್ತು, ಕಳೆದುಹೋದ ಎಮ್ಮೆ, ತೆಂಗಿನ ಸುಳಿ ರೋಗ, ಪಹಣಿಯ ಗೊಂದಲ — ಯಾರು ಏನು ಬೇಕಾದರೂ ಕೇಳಬಹುದು, ಗೊತ್ತಿದ್ದವರು ಹೇಳಬಹುದು. ನಿಯಮಗಳನ್ನು ನಾನೇ ಬರೆದೆ. ಬರಹ ಮೊದಲು ನನ್ನ ಬಳಿ ಬರಬೇಕು. ನಾನು ನೋಡಿ ಬಿಟ್ಟ ಮೇಲೆ ಎಲ್ಲರಿಗೂ ಕಾಣಬೇಕು. ಬರಹದ ಕೆಳಗಿನ ಪ್ರತಿಕ್ರಿಯೆಗಳು ಮಾತ್ರ ನೇರವಾಗಿ ಕಾಣುತ್ತವೆ. ಒಮ್ಮೆ ಪ್ರಕಟವಾದದ್ದನ್ನು ಬರೆದವರು ತಿದ್ದುವಂತಿಲ್ಲ. ತಿದ್ದುವ ಅಧಿಕಾರ ನಿರ್ವಾಹಕನಿಗೆ ಮಾತ್ರ. ನಿರ್ವಾಹಕ ಎಂದರೆ ನಾನೊಬ್ಬನೇ.

ನಿರ್ವಾಹಕ ತಿದ್ದಿದರೆ ಬರಹದ ಕೆಳಗೆ 'ತಿದ್ದಲಾಗಿದೆ' ಎಂಬ ಒಂದು ಸಾಲು ತಾನಾಗಿಯೇ ಬರುತ್ತಿತ್ತು. ಬೇಡ ಎನ್ನುವವರಿಗೆ ಅದನ್ನು ಮರೆಮಾಡುವ ಅನುಕೂಲವೂ ಇತ್ತು. ಮೊದಲ ವಾರವೇ ಮರೆಮಾಡಿದೆ. ಪತ್ರಿಕೆಯಲ್ಲಿ ಡೆಸ್ಕು ಮುಟ್ಟದ ವರದಿ ಯಾವುದಿದೆ? ಮುಟ್ಟಿದ್ದೇವೆ ಎಂದು ಯಾರಾದರೂ ಕೆಳಗೆ ಬರೆಯುತ್ತಾರೆಯೇ? ಹಾಗೆ ಯೋಚಿಸಿದ್ದೆ. ಡೆಸ್ಕಿನಲ್ಲಿ ವರದಿಗಾರನಿಗೆ ಡೆಸ್ಕು ಇರುವುದು ಗೊತ್ತಿರುತ್ತದೆ, ಮಾರನೆಯ ದಿನ ಬಂದು ಜಗಳವಾಡುತ್ತಾನೆ — ಕಟ್ಟೆಗೆ ಬರೆಯುವ ರೈತನಿಗೆ ಅದು ಗೊತ್ತೇ ಇರುವುದಿಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ. ಅಥವಾ ಹೊಳೆದಿತ್ತು, ಬೇಕಾಗಿರಲಿಲ್ಲ.

ಮೈಲಾರಪ್ಪನವರು ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವರು. ಡಾಕ್ಟರ್ ಇಲ್ಲದ ದಿನಗಳೇ ಹೆಚ್ಚಿದ್ದ ಆಸ್ಪತ್ರೆ. ನಿವೃತ್ತರಾದ ಮೇಲೂ ಕರು ಅಡ್ಡ ಸಿಕ್ಕಿಕೊಂಡರೆ, ಹಸುವಿಗೆ ಹೊಟ್ಟೆ ಉಬ್ಬರಿಸಿದರೆ, ಸುತ್ತಲಿನ ಹಳ್ಳಿಗಳಿಂದ ಬೈಕು ತಂದು ಅವರನ್ನು ಕೂರಿಸಿಕೊಂಡು ಹೋಗುತ್ತಿದ್ದರು. ಅವರದು ಬೌದ್ಧ ಕುಟುಂಬ. ಮನೆ ಊರಿನ ಕಾಲನಿಯಲ್ಲಿ. ಕಾಲನಿಯೊಳಗೆ ಕಾಲಿಡದ ಕೆಲವರು ರಸ್ತೆಯಲ್ಲಿ ಬೈಕು ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದರಂತೆ. ಆದರೂ ಮೈಲಾರಪ್ಪನವರು ಹೋಗುತ್ತಿದ್ದರು. ಕಟ್ಟೆಯಲ್ಲಿ ಅವರ ಬರಹಗಳಿಗೆ ಬೇಡಿಕೆಯಿತ್ತು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಒತ್ತಿ ಬರೆಯುತ್ತಿದ್ದರು. ಒಂದು ಬರಹಕ್ಕೆ ಎರಡು ಮೂರು ದಿನ ಹಿಡಿಯುತ್ತಿತ್ತಂತೆ.

ಆ ಸಲದ ಬರಹ ರಾಗಿ ಹುಲ್ಲಿನ ಬಗ್ಗೆ. ಒಣ ಹುಲ್ಲಿಗೆ ಯೂರಿಯಾ ಬೆರೆಸಿದ ನೀರು ಚಿಮುಕಿಸಿ, ತುಳಿದು, ಟಾರ್ಪಾಲು ಮುಚ್ಚಿ ಮೂರು ವಾರ ಬಿಟ್ಟರೆ ಹುಲ್ಲು ಮೆತ್ತಗಾಗಿ ದನಕ್ಕೆ ಹೆಚ್ಚು ಪೋಷಣೆ ಸಿಗುತ್ತದೆ — ಇದು ಹೊಸ ವಿಷಯವಲ್ಲ, ಮಾಡುವ ಕ್ರಮ ಮಾತ್ರ ಎಲ್ಲರಿಗೂ ಗೊತ್ತಿರಲಿಲ್ಲ. ಅವರು ಬಿಡಿಸಿ ಬರೆದಿದ್ದರು. ಯಾವ ಹುಲ್ಲು, ಎಷ್ಟು ಯೂರಿಯಾ, ಎಷ್ಟು ನೀರು, ಪದರ ಹೇಗೆ ಹಾಸಬೇಕು. ಜೊತೆಗೆ ತಮ್ಮ ಅಪ್ಪ ಸಾಕಿದ್ದ ಎತ್ತಿನ ಕಥೆ, ಆಸ್ಪತ್ರೆಯ ಹಳೆಯ ಡಾಕ್ಟರೊಬ್ಬರ ತಮಾಷೆ. ಉದ್ದವಾಗಿತ್ತು. ಕಟ್ಟೆಯಲ್ಲಿ ಬರಹದ ಉದ್ದಕ್ಕೆ ನಾನೊಂದು ಮಿತಿ ಇಟ್ಟಿದ್ದೆ.

ಡೆಸ್ಕಿನಲ್ಲಿ ಕಲಿಸುವ ಮೊದಲ ಪಾಠ: ಮುಖ್ಯವಾದದ್ದು ಮೇಲಿರುತ್ತದೆ, ಕತ್ತರಿಸುವುದಾದರೆ ಕೆಳಗಿನಿಂದ ಕತ್ತರಿಸು. ಇಪ್ಪತ್ತೆರಡು ವರ್ಷ ನನ್ನ ಕೈ ಅದನ್ನೇ ಮಾಡಿತ್ತು. ನಾನು ಹುಟ್ಟಿದ ಈ ಸೀಮೆಯ ಪಾಠ ಬೇರೆ. ಇಲ್ಲಿ ಮನೆಗೆ ಬಂದವರು ಮಳೆ, ಬೆಳೆ, ಮಕ್ಕಳು, ಮೊಮ್ಮಕ್ಕಳು ಎಲ್ಲವನ್ನೂ ಮಾತಾಡಿ, ಕಾಫಿ ಕುಡಿದು, ಎದ್ದು, ಚಪ್ಪಲಿಗೆ ಕಾಲು ಹಾಕುತ್ತಾ ಬಂದ ವಿಷಯ ಹೇಳುತ್ತಾರೆ. "ಅಂದಂಗೆ..." ಎಂದು ಶುರು ಮಾಡುತ್ತಾರೆ. ನನ್ನ ಅಪ್ಪ ಹಾಗೆ ಮಾತಾಡುತ್ತಿದ್ದರು. ನನ್ನ ಮದುವೆಯ ಮಾತು ಬಂದದ್ದೂ ಹಾಗೆಯೇ, ಬಾಗಿಲಿನಲ್ಲಿ. ನನಗೆ ಗೊತ್ತಿರಬೇಕಿತ್ತು.

ಮೈಲಾರಪ್ಪನವರ ಕೊನೆಯ ಪ್ಯಾರಾ ಹೀಗಿತ್ತು:

"ಅಂದಂಗೆ ಇನ್ನೊಂದು ಮಾತು. ಯೂರಿಯಾ ಕಲಸಿದ ನೀರು ಮಿಕ್ಕಿದ್ರೆ ಡ್ರಮ್ಮಲ್ಲಿ ಬಿಡಬ್ಯಾಡಿ. ದನ ಕುಡಿದ್ರೆ ಉಳಿಯಲ್ಲ. ದೂರಕ್ಕೆ ಒಯ್ದು ಚೆಲ್ಲಿ, ಡ್ರಮ್ಮು ಬಕೆಟ್ಟು ತೊಳೆದು ಬೋರಲು ಹಾಕಿ. ಕೆಲಸ ಮುಗಿಯೋವರ್ಗೂ ದನಾನ ಬಿಚ್ಚಬ್ಯಾಡಿ. ಎಳೇ ಕರುಗಳಿಗೆ ಈ ಹುಲ್ಲು ಬ್ಯಾಡ."

ಓದದೆ ಅಳಿಸಿದೆ ಎಂದು ಬರೆದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಓದಿದ್ದೆ. ಇಂಥ ಬರಹಗಳ ಬಾಲದಲ್ಲಿ ಎಚ್ಚರಿಕೆಯ ಮಾತು ಇದ್ದೇ ಇರುತ್ತದೆ, ರೈತರಿಗೆ ಗೊತ್ತಿರುವುದೇ ಎಂದುಕೊಂಡೆ. ಎತ್ತಿನ ಕಥೆಯನ್ನು ಉಳಿಸಿದೆ. ಚೆನ್ನಾಗಿತ್ತು.

ಹನ್ನೊಂದನೆಯ ದಿನ, ಭಾನುವಾರ ಮಧ್ಯಾಹ್ನ, ಜಯಮ್ಮನವರ ತಮ್ಮ ಲೋಕೇಶ ಕಟ್ಟೆಯಲ್ಲಿ ಆ ಬರಹದ ಕೆಳಗೆ ಬರೆದ. ಜಯಮ್ಮ ಗಂಡನಿಲ್ಲದವರು, ಎರಡು ಹಸುಗಳ ಹಾಲನ್ನು ಊರಿನ ಡೈರಿಗೆ ಹಾಕಿ ಬದುಕುತ್ತಿದ್ದರು. ಮೈಲಾರಪ್ಪನವರ ಬರಹವನ್ನು ಅಕ್ಕನಿಗೆ ಓದಿ ಹೇಳಿದವನು ಇವನೇ. ಹೇಳಿದ ಹಾಗೆಯೇ ಮಾಡಿದ್ದಾರೆ. ಹುಲ್ಲು ಮುಚ್ಚಿ, ಕೈಕಾಲು ತೊಳೆಯಲು ಇಬ್ಬರೂ ಹಿತ್ತಲಿಗೆ ಹೋಗಿದ್ದಾರೆ. ಬಾಯಾರಿದ್ದ ಹಸುಗಳು ಡ್ರಮ್ಮಿಗೆ ಬಾಯಿ ಹಾಕಿವೆ. ಡಾಕ್ಟರ್ ಬರುವಷ್ಟರಲ್ಲಿ ಒಂದು ಸತ್ತಿತ್ತು. ಇನ್ನೊಂದು ಅವರ ಎದುರಿಗೇ.

"ಮೈಲಾರಪ್ಪೋರೇ, ನಿಮ್ಮ ಮಾತು ನಂಬಿದ್ದಕ್ಕೆ ನಮ್ಮಕ್ಕನ ಕೊಟ್ಟಿಗೆ ಖಾಲಿ ಆಯ್ತು. ನೀರು ವಿಷ ಅಂತ ಒಂದು ಮಾತು ಬರ್ಯಕ್ಕೆ ಏನಾಗಿತ್ತು ನಿಮಗೆ?" ಎಂದು ಬರೆದಿದ್ದ.

ಅರ್ಧ ಗಂಟೆಯಲ್ಲಿ ಮೈಲಾರಪ್ಪನವರ ಉತ್ತರ ಬಂತು. "ಬರ್ದಿದ್ದೀನಿ ಕಣಪ್ಪ. ಕೊನೇಲಿ ಐತೆ ನೋಡು."

"ಕೊನೇಲಿ ಏನೈತೆ ತಾತ? ನಿಮ್ಮ ಹೆಸರೈತೆ" ಎಂದು ಕಡೂರಿನವನೊಬ್ಬ ಬರೆದ. ಅದಕ್ಕೆ ನಗುವ ಮುಖಗಳು ಬಿದ್ದವು. ಇನ್ನೊಬ್ಬ, "ಆಸ್ಪತ್ರೇಲಿ ಕಸ ಹೊಡ್ದೋರೆಲ್ಲ ಡಾಕ್ಟ್ರಾದ್ರೆ ಹಿಂಗೇ" ಎಂದ. ಮತ್ತೊಬ್ಬ ಕಾಲನಿಯ ಹೆಸರೆತ್ತಿ ಬರೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಎರಡೇ ನಿಮಿಷದಲ್ಲಿ ಅಳಿಸಿದೆ, ಬರೆದವನನ್ನು ತಾಣದಿಂದ ಹೊರಹಾಕಿದೆ. ಆ ದಿನ ನನ್ನ ಕೆಲಸವನ್ನು ನಿಯಮದಂತೆ ಮಾಡಿದೆ ಎಂಬ ಸಮಾಧಾನ ಕೂಡ — ಹೌದು, ಸಮಾಧಾನ — ಇತ್ತು. ಆ ಕೊಳಕು ಮಾತು ಯಾವ ಸುಳ್ಳಿನ ಮೇಲೆ ನಿಂತಿತ್ತೋ ಅದನ್ನು ಮುಟ್ಟಲಿಲ್ಲ.

ಏಕೆಂದರೆ ಅಷ್ಟರಲ್ಲಿ ನೋಡಿದ್ದೆ. ಪ್ರತಿ ಬರಹದ ಹಳೆಯ ಪ್ರತಿಯೂ ತಾಣದಲ್ಲಿ ಉಳಿದಿರುತ್ತದೆ. ನಿರ್ವಾಹಕನಿಗೆ ಮಾತ್ರ ಕಾಣುತ್ತದೆ. ತೆರೆದೆ. ಪ್ಯಾರಾ ಅಲ್ಲಿತ್ತು. ಅಳಿಸಿದವರ ಹೆಸರು, ದಿನ, ಗಂಟೆ, ನಿಮಿಷ — ಎಲ್ಲ ಇತ್ತು.

ಮರುದಿನ ಬೆಳಿಗ್ಗೆ ಅವರ ಫೋನ್ ಬಂತು.

"ಸಾರ್, ತೊಂದ್ರೆ ಕೊಡ್ತಾ ಇದ್ದೀನಿ. ನಾನು ಬರ್ದಿದ್ದೆ ಅಂತ ಜ್ಞಾಪಕ. ನನ್ನ ಫೋನಲ್ಲಿ ಕಳ್ಸಿದ್ಮೇಲೆ ಏನೂ ಉಳಿಯಲ್ಲ. ನಿಮ್ಮ ಕಂಪ್ಯೂಟರಲ್ಲಿ ಏನಾದ್ರೂ ಇರ್ತದಾ ಸಾರ್?"

ಹಳೆಯ ಪ್ರತಿ ಪರದೆಯ ಮೇಲೆ ತೆರೆದೇ ಇತ್ತು. ನಾನು ಅದನ್ನು ನೋಡುತ್ತಲೇ ಹೇಳಿದೆ: "ನೋಡ್ದೆ ಮೈಲಾರಪ್ಪನವರೇ. ಇಲ್ಲಿ ಬಂದಿರೋದು ಅಷ್ಟೇ. ಬರೀಬೇಕು ಅಂತ ಅಂದ್ಕೊಂಡು ಮರ್ತಿರಬಹುದು."

ಆ ಕಡೆ ಯಾರದೋ ಮನೆಯ ಕೋಳಿ ಕೂಗುವುದು ಕೇಳಿಸಿತು. ಆಮೇಲೆ, "ವಯಸ್ಸಾಯ್ತಲ್ಲ ಸಾರ್. ಹಂಗೇ ಇರ್ಬೇಕು" ಎಂದರು. "ತಪ್ಪಾಯ್ತು ಬುಡಿ."

ತಪ್ಪಾಯ್ತು ಎಂದದ್ದು ಅವರು.

ಅಂದೇ ಸಂಜೆ ಅವರ ಕೊನೆಯ ಬರಹ ಬಂತು. ಎರಡೇ ಸಾಲು. 'ನೀರಿನ ಮಾತು ಬರೆಯೋದು ಮರೆತಿದ್ದು ನನ್ನದೇ ತಪ್ಪು. ಜಯಮ್ಮನವರೂ ಎಲ್ಲರೂ ಕ್ಷಮಿಸಬೇಕು.' ಆ ಬರಹದಲ್ಲಿ ಒಂದಕ್ಷರವನ್ನೂ ಮುಟ್ಟದೆ ಬಿಟ್ಟೆ. ಕೆಳಗೆ 'ಈ ಚರ್ಚೆಯನ್ನು ಮುಕ್ತಾಯಗೊಳಿಸಲಾಗಿದೆ — ನಿರ್ವಾಹಕ' ಎಂದು ಬರೆದು ಬೀಗ ಹಾಕಿದೆ. ಅದೇ ವಾರ ಅವರು ತಮ್ಮ ಮನೆಯ ಗಬ್ಬದ ಹಸುವನ್ನು ಗೂಡ್ಸ್ ಆಟೋದಲ್ಲಿ ಹತ್ತಿಸಿಕೊಂಡು ಹೋಗಿ ಜಯಮ್ಮನವರ ಕೊಟ್ಟಿಗೆಯಲ್ಲಿ ಕಟ್ಟಿ ಬಂದರು ಎಂದು ಲೋಕೇಶನ ಇನ್ನೊಂದು ಬರಹದಿಂದ ತಿಳಿಯಿತು. ಅವರ ಮನೆಯಲ್ಲಿ ಇದ್ದದ್ದು ಅದೊಂದೇ ಹಸು. ಲೋಕೇಶನ ಬರಹವನ್ನೂ ಪ್ರಕಟಿಸಿದೆ. ಹತ್ತಾರು ಜನ ಕೈಮುಗಿದ ಚಿತ್ರ ಹಾಕಿದರು.

ಏಕೆ ಹೇಳಲಿಲ್ಲ? ಎಂಟು ವರ್ಷ ಇದಕ್ಕೆ ಉತ್ತರಗಳನ್ನು ಬರೆದಿಟ್ಟುಕೊಂಡಿದ್ದೆ. ತಾಣದ ಮೇಲಿನ ನಂಬಿಕೆ ಹೋಗುತ್ತದೆ ಎಂದು. ಅವರೇ ಒಪ್ಪಿಕೊಂಡ ಮೇಲೆ ಮತ್ತೆ ಕೆದಕುವುದೇಕೆ ಎಂದು. ಜಯಮ್ಮನಿಗೆ ಹೇಗೂ ಹಸು ಬಂತಲ್ಲ ಎಂದು. ಡೆಸ್ಕಿನಲ್ಲಿದ್ದಾಗ ತಿದ್ದುಪಡಿಯ ಚೌಕವನ್ನು ಬರೆಯುತ್ತಿದ್ದವನು ನಾನೇ. 'ನಿನ್ನೆಯ ಸಂಚಿಕೆಯಲ್ಲಿ... ಎಂದು ತಪ್ಪಾಗಿ ಪ್ರಕಟವಾಗಿದೆ. ವಿಷಾದಿಸುತ್ತೇವೆ.' ನಾಲ್ಕು ಸಾಲು. ಹೇಗೆ ಬರೆಯಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಮೂರು ತಾಲೂಕಿನಲ್ಲಿ ಇರಲಿಕ್ಕಿಲ್ಲ. ಅದರಲ್ಲಿ 'ಪ್ರಕಟವಾಗಿದೆ' ಎಂದಿರುತ್ತದೆ. ಯಾರು ಮಾಡಿದರು ಎಂದು ಇರುವುದಿಲ್ಲ. ಇಲ್ಲಿ ಮಾಡಿದವನು ಒಬ್ಬನೇ. ನನ್ನ ಹೆಸರು ಹಾಕದೆ ಆ ನಾಲ್ಕು ಸಾಲು ಬರೆಯುವ ದಾರಿ ಸಿಗಲಿಲ್ಲ.

ಹಳೆಯ ಪ್ರತಿಯನ್ನು ಮಾತ್ರ ಅಳಿಸಲಿಲ್ಲ. ಅದನ್ನು ಪ್ರಾಮಾಣಿಕತೆ ಎಂದುಕೊಂಡಿದ್ದೆ.

ಕಳೆದ ಮಾರ್ಚಿನಲ್ಲಿ ಕಡೂರಿನಲ್ಲಿ ಕನ್ನಡಕದ ಅಂಗಡಿಯೊಂದರ ಬೆಂಚಿನ ಮೇಲೆ ಅವರನ್ನು ಕಂಡೆ. ಅವರೇ ಗುರುತು ಹಿಡಿದರು. "ಕಟ್ಟೆ ಸಾರ್ ಅಲ್ವಾ?" ಎಂದು ಎದ್ದು ನಿಂತರು. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿದ ಪೆನ್ನು. ಅಂಗಡಿಯವನು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದರು. ತಾವು ಯಾವ ಬಸ್ಸಿಗೆ ಬಂದದ್ದು ಎಂಬುದನ್ನೂ.

"ಇದೇನು, ಲೆಕ್ಕಾಧಿಕಾರಿ ಆಗಿಬಿಟ್ಟಿದ್ದೀರಾ?" ಎಂದೆ. ತಮಾಷೆಗೆ.

"ಮರ್ತೋಗ್ತೀನಿ ಸಾರ್. ಆ ಹುಲ್ಲಿನ ವಿಷ್ಯ ಆಯ್ತಲ್ಲ, ಅವತ್ತಿಂದ ನನ್ನ ತಲೇನ ನಾನು ನಂಬಲ್ಲ. ದನ ಮುಟ್ಟೋದೂ ಬಿಟ್ಟೆ. ಏನಾದ್ರೂ ಮರ್ತು ಇನ್ನೊಬ್ರ ದನ ಸಾಯ್ಸಿದ್ರೆ?" ಎಂದರು. ನಗುತ್ತಲೇ ಹೇಳಿದರು. "ಕರಿಯೋರೂ ಇಲ್ಲ ಬುಡಿ ಈಗ."

ಅವರ ಹಸು ಹೋದದ್ದು ಗೊತ್ತಿತ್ತು. ಹೆಸರು ಹೋದದ್ದು ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಹಳೆಯ ಪ್ರತಿಯನ್ನು ಮುದ್ರಿಸಿಕೊಂಡು ಪಂಚನಹಳ್ಳಿಗೆ ಹೋದೆ. ಹೊಸ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಒಳಗಿನ ಗೋಡೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಇಲಾಖೆಯವರು ನಿವೃತ್ತಿಯ ದಿನ ಕೊಟ್ಟ ಗಡಿಯಾರ. ಅವರ ಹೆಂಡತಿ ಚಾಪೆ ಹಾಸಿದರು. ಮಳೆ, ಬೆಳೆ ಯಾವುದನ್ನೂ ಮಾತಾಡದೆ ಹಾಳೆ ಕೊಟ್ಟೆ. ಕೊನೆಯ ಪ್ಯಾರಾ ನಾನು ಅಳಿಸಿದ್ದು ಎಂದೆ. ಫೋನಿನಲ್ಲಿ ಹೇಳಿದ್ದು ಸುಳ್ಳು ಎಂದೆ.

ಅವರು ಎರಡು ಸಲ ಓದಿದರು. ಎರಡನೇ ಸಲ ಬೆರಳಿಟ್ಟು, ಅಕ್ಷರ ಅಕ್ಷರವಾಗಿ.

ಮಾತಾಡಿದ್ದು ಅವರ ಹೆಂಡತಿ. "ಎಂಟೊರ್ಷ ಕಣ್ ಸ್ವಾಮಿ. ಎಂಟೊರ್ಷದಿಂದ ಈವಯ್ಯ ಬಾಗ್ಲು ಹಾಕಿದ್ನಾ, ಒಲೆ ಆರ್ಸಿದ್ನಾ ಅಂತ ನನ್ನ ಕೇಳ್ತಾ ಅವ್ರೆ. ಮೂರು ಮೂರು ಸಲ ಎದ್ದೋಗಿ ನೋಡ್ತಾರೆ. ಹುಚ್ಚು ಹಿಡೀತು ಅಂತ ನಾನೂ ಬೈದೆ. ಓದ್ದೋರು ನೀವು. ಒಂದು ಮಾತು ಹೇಳಕ್ಕೆ ನಾಲ್ಗೆ ಬಿದ್ದೋಗಿತ್ತಾ?"

"ಸುಮ್ಕಿರೇ" ಎಂದರು ಮೈಲಾರಪ್ಪನವರು.

"ಯಾಕ್ ಸುಮ್ಕಿರ್ಲಿ? ಹಸ ಬುಟ್ ಕೊಟ್ಟಾಗ್ಲೂ ಸುಮ್ಕಿರು ಅಂದ್ರಿ."

ಅವರು ಹಾಳೆಯಿಂದ ಕಣ್ಣು ತೆಗೆಯಲಿಲ್ಲ. "ಸರಿಯಾಗೇ ಬರ್ದಿದ್ದೀನಿ" ಎಂದರು, ನನಗಲ್ಲ. "ಬೋರಲು ಹಾಕಿ ಅಂತ್ಲೂ ಬರ್ದಿದ್ದೀನಿ."

ಕ್ಷಮಿಸಿ ಎಂದೆ. ಅದಕ್ಕೆ ಅವರು ಏನೂ ಹೇಳಲಿಲ್ಲ, ಈವರೆಗೂ ಹೇಳಿಲ್ಲ. ಬದಲಿಗೆ ಎರಡು ಕೆಲಸ ಹೇಳಿದರು. "ಜಯಮ್ಮಂಗೆ ನೀವೇ ಹೋಗಿ ಹೇಳ್ಬೇಕು. ನಾನು ಜೊತೆಗೆ ಬರಲ್ಲ. ಇನ್ನೊಂದು, ಇದನ್ನ ಬರ್ದು ಹಾಕ್ಬೇಕು, ನಿಮ್ಮ ಹೆಸರಲ್ಲಿ. ನೀವು ಮಾಡಿದ್ದು ಅಂತ. ಉದ್ದ ಆದ್ರೂ ಆಗ್ಲಿ."

ಅಲ್ಲಿಂದ ನೇರವಾಗಿ ಜಯಮ್ಮನವರ ಊರಿಗೆ ಹೋದೆ. ಅವರು ಹಾಲು ಕರೆಯಲು ಕೂತಿದ್ದರು. ನಿಂತೇ ಹೇಳಿದೆ. ಅವರು ಕರೆಯುವುದನ್ನು ನಿಲ್ಲಿಸಿ, ತಿರುಗಿ ನೋಡಿ, "ಹಂಗಾರೆ ನನ್ನ ಹಸ ಸಾಯ್ಸಿದ್ದು ನೀವಾ?" ಎಂದರು.

ಹೌದು ಎಂದೆ.

"ಅಯ್ಯೋ ಶಿವನೇ. ಆವಯ್ಯನ ಹಸಾನ ಕಟ್ಕೊಂಡ್ಬುಟ್ನಲ್ಲ. ಮೂರು ದಿನ ಕೊಟ್ಟಿಗೆ ಆಚೇಲೇ ಕಟ್ಟಿದ್ದೆ, ಕಾಲನಿ ಮನೆ ಹಸ ಅಂತ. ಆಮ್ಯಾಕೆ ಒಳಕ್ಕೆ ತಂದೆ." ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ಮುಂದೆ ನಿಂತಿದ್ದ ಹಸು ಮೈಲಾರಪ್ಪನವರು ಕೊಟ್ಟ ಹಸುವಿನ ಮಗಳು. ಆಮೇಲೆ ಅವರೇ ಕೇಳಿದರು: "ಇದರದೊಂದು ಪಡ್ಡೆ ಐತೆ, ಇನ್ನೂ ಈದಿಲ್ಲ. ಹೊಡ್ಕೊಂಡೋಗಿ ಕೊಟ್ರೆ ತಗೋತಾರಾ?"

ನನಗೆ ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಜಯಮ್ಮನವರು ಲೋಕೇಶನ ಜೊತೆ ಪಡ್ಡೆಯನ್ನು ಕರೆತಂದು ಮೈಲಾರಪ್ಪನವರ ಮನೆಯ ಮುಂದೆ ಕಟ್ಟಿದರು. ಮೈಲಾರಪ್ಪನವರು ಬೇಡ ಎಂದರು. ಅವರ ಹೆಂಡತಿ ಹಗ್ಗ ಬಿಚ್ಚಿ ಒಳಗೆ ಕರೆದೊಯ್ದರು. ಇದನ್ನು ನನಗೆ ಹೇಳಿದವನು ಲೋಕೇಶ. ನೋಟ್‌ಬುಕ್ಕು ಈಗಲೂ ಮೈಲಾರಪ್ಪನವರ ಜೇಬಿನಲ್ಲಿದೆ ಎಂದು ಹೇಳಿದವನೂ ಅವನೇ.

ಕಟ್ಟೆಯಲ್ಲಿ ಬೀಗ ತೆಗೆದಿದ್ದೇನೆ. ಮೂಲ ಬರಹವನ್ನು ಎತ್ತಿನ ಕಥೆ, ಕೊನೆಯ ಪ್ಯಾರಾ ಎಲ್ಲ ಸೇರಿಸಿ ಹಾಗೆಯೇ ಹಾಕಿದ್ದೇನೆ. ಅದರ ಮೇಲೆ ಅಳಿಸಿದವನ ಹೆಸರು, ದಿನ, ಗಂಟೆ, ನಿಮಿಷ ಇವೆ. ನಾನು ತಿದ್ದಿದ ಉಳಿದೆಲ್ಲ ಬರಹಗಳ ಕೆಳಗೂ 'ತಿದ್ದಲಾಗಿದೆ' ಎಂಬ ಸಾಲು ಕಾಣುವಂತೆ ಮಾಡಿದ್ದೇನೆ. ಸಾಲಿಲ್ಲದ ಬರಹಗಳು ಕಡಿಮೆ. ಈಗ ಕಟ್ಟೆಗೆ ಬರುವವರೂ ಕಡಿಮೆ. ಜನ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗಿ ಬಹಳ ಕಾಲವಾಯಿತು.

ಈ ಸೋಮವಾರ ಅಜ್ಜಂಪುರದ ಕಡೆಯ ಹಾಲು ಹಾಕುವವರ ಗುಂಪೊಂದರಲ್ಲಿ ರಾಗಿ ಹುಲ್ಲಿನ ಬರಹ ಬಂದಿದೆ. 2017ರಲ್ಲಿ ಯಾರೋ ಕಟ್ಟೆಯ ಪುಟವನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡ ಚಿತ್ರ. ನಾನು ಅದರ ಕೆಳಗೆ ಪೂರ್ತಿ ಬರಹವನ್ನು ಹಾಕಿದೆ; ಮೊದಲಿನದು ತಪ್ಪು, ಹಂಚಬೇಡಿ ಎಂದೂ ಬರೆದೆ. ನಾಲ್ವರು ನೋಡಿ ಸರಿ ಎಂದಿದ್ದಾರೆ. ನಿನ್ನೆ ಬೆಳಿಗ್ಗೆ ಅದೇ ಹಳೆಯ ಚಿತ್ರ ಬುಕ್ಕಾಂಬುಧಿಯ ಗುಂಪಿಗೂ ಬಂದಿದೆ. ಕೊನೆಯ ಪ್ಯಾರಾ ಇಲ್ಲ. ಕೆಳಗೆ ಹೆಸರಿದೆ: ಮೈಲಾರಪ್ಪ, ಪಂಚನಹಳ್ಳಿ.